ಅವನೇ ಇವನಾ?

ಸ್ಟಾರ್ ವಾರ್ಸ್ ಸಿನಿಮಾ ನೋಡಿದ್ದೀರಾ? 2005ರ ಚಿತ್ರದಲ್ಲಿ ಪ್ಲೇಗಿಸ್ ಎಂಬ ಖಳನ ಕಥೆಯಷ್ಟೇ ಬರುತ್ತದೆ. ತನ್ನವರ ಸಾವನ್ನೇ ತಡೆಯಬಲ್ಲವನು, ಮಲಗಿದ್ದಾಗ ಶಿಷ್ಯನ ಕೈಯಲ್ಲೇ ಸತ್ತ. 2015ರ ಚಿತ್ರದಲ್ಲಿ ಸ್ನೋಕ್ ಬಂದ. ಮುಖದಲ್ಲಿ ಹಳೇ ಗಾಯ, ಹಿಂದುಮುಂದು ಯಾರಿಗೂ ಗೊತ್ತಿಲ್ಲ. 'ಅವನೇ ಇವನು, ಸತ್ತೇ ಇರಲಿಲ್ಲ' ಎಂದು ಅಭಿಮಾನಿಗಳು ವರ್ಷಗಟ್ಟಲೆ ವಾದಿಸಿದರು. ಗಾಯವೂ ಸಾಕ್ಷಿ, ಹಿನ್ನೆಲೆ ಸಂಗೀತವೂ ಸಾಕ್ಷಿ. 2019ರ ಚಿತ್ರದಲ್ಲಿ ಗುಟ್ಟು ರಟ್ಟಾಯಿತು: ಸ್ನೋಕ್‌ನನ್ನು ಸೃಷ್ಟಿಸಿದ್ದು ಪಾಲ್ಪಟೀನ್, ಅಂದರೆ ಪ್ಲೇಗಿಸ್‌ನನ್ನು ಕೊಂದ ಆ ಶಿಷ್ಯ! ಇಬ್ಬರೂ ಬೇರೆ ಬೇರೆ.

ಆ ವಾದಗಳನ್ನು ಓದಿ ನಕ್ಕೆವು. ಆಮೇಲೆ ನಮ್ಮದೇ ಒಂದು ಸುದ್ದಿ ನೆನಪಾಗಿ ನಗು ನಿಂತಿತು. ಕಳ್ಳತನವೊಂದರಲ್ಲಿ ಸಿಕ್ಕ ಹುಡುಗನ ಹೆಸರು, ಊರು ನೋಡಿ 'ಹಳೇ ಕೇಸಿನ ಆರೋಪಿಯೇ' ಎಂದು ಒಂದು ಸಾಲು ಸೇರಿಸಿಬಿಟ್ಟಿದ್ದೆವು. ತಂದೆ ಹೆಸರು ನೋಡಲಿಲ್ಲ. ಹಳೇ ಕೇಸಿನವನು ಬೇರೆಯವನು. ಮೂರನೇ ದಿನ ಮೂಲೆಯಲ್ಲಿ ತಿದ್ದುಪಡಿ ಬಂತು. ಅಷ್ಟರಲ್ಲಿ ಹುಡುಗನ ತಂಗಿಗೆ ಕೂಡಿಬಂದಿದ್ದ ಸಂಬಂಧ ಮುರಿದಿತ್ತು.

ಸಿನಿಮಾ ಊಹೆ ತಪ್ಪಿದರೆ ಯಾರ ಮನೆಯೂ ಅಳುವುದಿಲ್ಲ. ಈಗ ತಂದೆ ಹೆಸರು, ವಯಸ್ಸು ಕೇಳದೆ ನಾವು ಸುದ್ದಿ ಕಳಿಸುವುದಿಲ್ಲ. ವಾಟ್ಸಾಪ್‌ನಲ್ಲಿ 'ಅವನೇ ಇವನು' ಎಂಬ ಫೋಟೊ ಬಂದರೆ ನೀವೂ ಕೇಳಿ.