ಘಳಿಗೆಯ ಅಂಜಿಕೆ

ಕಾಲವನ್ನು ಅಳೆಯುವ ವಿದ್ಯೆ ಬೇರೆ, ಕಾಲಕ್ಕೆ ಅಂಜುವ ಅಭ್ಯಾಸ ಬೇರೆ. ಇವೆರಡೂ ಪಂಚಾಂಗದ ಒಂದೇ ಹಾಳೆಯಲ್ಲಿ ಅಕ್ಕಪಕ್ಕದಲ್ಲಿ ಅಚ್ಚಾಗಿರುವುದರಿಂದ, ಓದು ಬಲ್ಲವರೂ ಒಂದನ್ನು ಮತ್ತೊಂದೆಂದು ಭ್ರಮಿಸುವುದುಂಟು. ಸೇಡಂ ಪಟ್ಟಣದ ನಿವೃತ್ತ ಗಣಿತ ಶಿಕ್ಷಕರೊಬ್ಬರ ಬಾಳಿನಲ್ಲಿ ನಡೆದ ಸಂಗತಿಯೊಂದು ಇದಕ್ಕೆ ನಿದರ್ಶನವಾಗಿದೆ. ಅವರ ಹೆಸರು ಇಲ್ಲಿ ಮುಖ್ಯವಲ್ಲ, ಮಾಸ್ತರರೆಂದರೆ ಸಾಕು.

ಚಿಂಚೋಳಿ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಚಿತ್ತಾಪುರದಲ್ಲಿ ಬಹುಕಾಲ ಪಾಠ ಹೇಳಿ, ಸೇಡಂನಲ್ಲಿ ಮನೆ ಮಾಡಿದವರು ಅವರು. ಪ್ರತಿವರ್ಷವೂ ಹೊಸ ತರಗತಿಗೆ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ೯ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಅದಕ್ಕೆ ಮೊದಲು ಬ್ರಹ್ಮಗುಪ್ತನಂಥವರ ಗ್ರಂಥಗಳಲ್ಲಿ ಗಣಿತವು ಗ್ರಹಗತಿಯ ಶಾಸ್ತ್ರದೊಳಗಿನ ಅಧ್ಯಾಯವಾಗಿತ್ತು. ಮಹಾವೀರನಾದರೋ ಗಣಿತವನ್ನೇ ಕುರಿತು ಒಂದು ಇಡೀ ಗ್ರಂಥವನ್ನು ಬರೆದನು. "ಲೆಕ್ಕಕ್ಕೆ ಗ್ರಹಗಳ ಹಂಗಿಲ್ಲ" ಎಂದು ಮಾಸ್ತರರು ಹೇಳುವಾಗ ಮಕ್ಕಳು ಕಣ್ಣರಳಿಸಿ ಕೇಳುತ್ತಿದ್ದರು.

ಇಂಥವರೇ ೨೦೧೨ರಲ್ಲಿ ರಾಹುಕಾಲದ ಸೆರೆಯಾಳಾದರೆಂಬುದು ಆಶ್ಚರ್ಯ. ದಾಖಲಾತಿಯಂತೆ ಅವರ ಜನ್ಮದಿನಾಂಕ ೧೯೫೨ರ ಜೂನ್ ೧. ಅದು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಕೊಟ್ಟ ದಿನ. ನಂದನ ಸಂವತ್ಸರದ ಶ್ರಾವಣದಲ್ಲಿ ಹುಟ್ಟಿದವನೆಂದು ತಾಯಿ ಹೇಳಿದ್ದರು; ತಿಥಿ, ಘಳಿಗೆ ಯಾರಿಗೂ ನೆನಪಿರಲಿಲ್ಲ. ಆದುದರಿಂದ ಅವರಿಗೆ ಜಾತಕವೇ ಇರಲಿಲ್ಲ. ೨೦೧೨ರ ಮೇ ೩೧ರಂದು ನಿವೃತ್ತಿಯಾಯಿತು. ೬೦ ವರ್ಷಗಳ ಚಕ್ರ ತಿರುಗಿ ಆ ವರ್ಷವೇ ನಂದನವೂ ಮರಳಿ ಬಂದಿತ್ತು. ಮಾಡಲು ಕೆಲಸವಿಲ್ಲದ ಹಗಲುಗಳು, ನಿದ್ರೆಯಿಲ್ಲದ ಇರುಳುಗಳು. ಎದೆ ಡವಡವನೆ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಏನೋ ಕೇಡು ಕಾದಿದೆಯೆಂಬ ತಳಮಳ. ಹೃದಯದ ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಆಗ ಮಾಸ್ತರರು ಗೋಡೆಯ ಪಂಚಾಂಗದತ್ತ ತಿರುಗಿದರು. ಸೋಮವಾರ ೭-೩೦ರಿಂದ ೯, ಮಂಗಳವಾರ ೩ರಿಂದ ೪-೩೦, ಹೀಗೆ ವಾರದ ಏಳೂ ದಿನಗಳ ರಾಹುಕಾಲವನ್ನು ಬರೆದಿಟ್ಟುಕೊಂಡು, ಆ ಒಂದೂವರೆ ಗಂಟೆ ಹೊಸ್ತಿಲು ದಾಟದಾದರು. ದಾಟದೆ ಕುಳಿತಷ್ಟು ಹೊತ್ತು ಎದೆ ಹಗುರಾಗುತ್ತಿತ್ತು.

ಆಗಸ್ಟ್ ೧೭, ಶುಕ್ರವಾರ, ಶ್ರಾವಣದ ಅಮಾವಾಸ್ಯೆ. ಬೆಳಗಿನ ೧೦ ಗಂಟೆಗೆ ಶಹಾಬಾದಿನಿಂದ ಕರೆ ಬಂದಿತು. ಮಗಳಿಗೆ ಹೆರಿಗೆ ನೋವು ಆರಂಭವಾಗಿತ್ತು, ದಿನಕ್ಕೆ ಮೊದಲೇ. ೧೦-೩೦ರಿಂದ ೧೨ರವರೆಗೆ ರಾಹುಕಾಲ. ಮಾಸ್ತರರು ಚಪ್ಪಲಿ ಮೆಟ್ಟಿದವರು ಬಾಗಿಲಲ್ಲಿಯೇ ನಿಂತರು. ಅವರ ಪತ್ನಿ ಚೀಲವನ್ನು ಹೆಗಲಿಗೇರಿಸಿ, "ನೀವು ರಾಹುಕಾಲ ಮುಗಿಸ್ಕೊಂಡು ಬರ್ರಿ; ನಾ ಮಗಳ ಹಂತ್ಯಾಕ ಹೋಗ್ತೀನಿ" ಎಂದು ಹೇಳಿ ಒಬ್ಬರೇ ಹೊರಟುಹೋದರು. ಮಾಸ್ತರರು ೧೨ರ ನಂತರ ಹೊರಟು, ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಕಾದು, ಶಹಾಬಾದನ್ನು ಮುಟ್ಟಿದಾಗ ಸಂಜೆಯಾಗಿತ್ತು. ಕೂಸು ಮಧ್ಯಾಹ್ನವೇ ಹುಟ್ಟಿತ್ತು. ನೋವು ಬಹಳವಾಗಿ ಮಗಳು ಅಪ್ಪನನ್ನು ಎರಡು ಸಲ ಕೇಳಿದ್ದಳಂತೆ. ಅವರನ್ನು ಕಂಡಾಗ ಅವಳು ಬೇರೇನೂ ಅನ್ನಲಿಲ್ಲ. "ಉಂಡು ಬಂದೀಯೇನಪ್ಪಾ?" ಎಂದಷ್ಟೇ ಕೇಳಿದಳು. ಆ ಮಾತು ಮಾಸ್ತರರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಆ ದಸರೆಯ ಹೊತ್ತಿಗೆ ಹಳೆಯ ಶಿಷ್ಯನೊಬ್ಬ ಚೀನಾ ದೇಶಕ್ಕೆ ಉದ್ಯೋಗದ ನಿಮಿತ್ತ ಹೋಗಿಬಂದವನು ಗುರುಗಳಿಗೆ ಒಂದು ಚಿತ್ರಮಯ ಕ್ಯಾಲೆಂಡರನ್ನು ತಂದುಕೊಟ್ಟನು. ಅಲ್ಲಿಯೂ ೬೦ ವರ್ಷಗಳ ಚಕ್ರವುಂಟು. ಇಲಿಯಿಂದ ಹಂದಿಯವರೆಗೆ ೧೨ ಪ್ರಾಣಿಗಳು ಸರದಿಯಂತೆ ವರ್ಷಗಳಿಗೆ ಒಡೆಯರು. ಜೊತೆಗೆ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ತತ್ತ್ವಗಳು. ೧೯೫೨ ನೀರಿನ ಡ್ರ್ಯಾಗನ್ ವರ್ಷವಾಗಿತ್ತು, ೨೦೧೨ ಕೂಡ ಅದೇ. ತನ್ನ ಪ್ರಾಣಿಯ ವರ್ಷದಲ್ಲಿ ಮನುಷ್ಯನು ಎಚ್ಚರದಿಂದಿರಬೇಕೆಂದು ಚೀನೀಯರು ನಂಬಿ, ಸೊಂಟಕ್ಕೆ ಕೆಂಪು ಪಟ್ಟಿಯನ್ನು ಕಟ್ಟಿಕೊಳ್ಳುವುದುಂಟೆಂದು ಶಿಷ್ಯನು ಹೇಳಿದನು. ನಮ್ಮ ಉಡದಾರವು ನೆನಪಾಗಿ ಎಲ್ಲರೂ ನಕ್ಕರು.

ಆದರೆ ಮಾಸ್ತರರ ಮನಸ್ಸಿಗೆ ಹಿಡಿಸಿದ್ದು ಮತ್ತೊಂದು. ಚೀನೀಯರು ಹಗಲಿರುಳನ್ನು ಎರಡೆರಡು ಗಂಟೆಗಳ ೧೨ ಜಾವಗಳಾಗಿ ಭಾಗಿಸಿ, ಅವುಗಳಿಗೂ ಅದೇ ಪ್ರಾಣಿಗಳ ಹೆಸರಿಟ್ಟಿದ್ದರು. ಮಾಸ್ತರರು ಗಣಿತದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದರು. ೫ರಿಂದ ೭ ಮೊಲದ ಹೊತ್ತು: ಊರಾಚೆಯವರೆಗೆ ನಡಿಗೆ. ೭ರಿಂದ ೯ ಡ್ರ್ಯಾಗನ್: ರೊಟ್ಟಿ ಪಲ್ಯ. ಮಧ್ಯಾಹ್ನ ೩ರಿಂದ ೫ ಕೋತಿ: ಅದರ ನಂತರ ಚಹಾ ಇಲ್ಲ. ರಾತ್ರಿ ೯ರಿಂದ ೧೧ ಹಂದಿ: ದೀಪ ಆರಿಸಿ ಮಲಗುವುದು. ದಿನಕ್ಕೆ ಎಂಟು ಲೋಟ ಚಹಾ ಎರಡಕ್ಕಿಳಿಯಿತು. ತಿಂಗಳೊಳಗೆ ನಿದ್ರೆ ಮರಳಿತು. ಮಾಸ್ತರರು ಡ್ರ್ಯಾಗನ್ನಿಗೆ ಮನಸ್ಸಿನಲ್ಲಿಯೇ ಕೈಮುಗಿದರು.

ಸಂಕಟವು ಅಷ್ಟಕ್ಕೇ ಮುಗಿಯಲಿಲ್ಲ. ಆ ಕ್ಯಾಲೆಂಡರಿನಂತೆ ಡ್ರ್ಯಾಗನ್ನಿಗೆ ಎದುರಾಳಿ ನಾಯಿ. ನಾಯಿಯ ಹೊತ್ತು ಸಂಜೆ ೭ರಿಂದ ೯. ಮಾಸ್ತರರು ಆ ಎರಡು ಗಂಟೆ ಫೋನನ್ನು ಎತ್ತದಾದರು. ಮಗಳು ಕೂಸನ್ನು ಮಲಗಿಸಿ ಮಾತನಾಡುತ್ತಿದ್ದುದು ಅದೇ ಹೊತ್ತಿನಲ್ಲಿ. ಇದನ್ನು ಮೊದಲು ಗಮನಿಸಿದವರು ಪತ್ನಿ. "ರಾಹು ಹೋಗಿ ನಾಯಿ ಬಂತಲ್ರೀ" ಎಂದರು ಅವರು. ಬರೆದ ಲೆಕ್ಕದಲ್ಲಿ ತಪ್ಪು ಹೆಜ್ಜೆಯನ್ನು ಕಂಡವರಂತೆ ಮಾಸ್ತರರು ಸುಮ್ಮನಾದರು. ಮರುವಾರ ಇಬ್ಬರೂ ಗುಲಬರ್ಗಾಕ್ಕೆ, ಇಂದಿನ ಕಲಬುರಗಿಗೆ, ಹೋಗಿ ಮನೋವೈದ್ಯರನ್ನು ಕಂಡರು.

ವೈದ್ಯರು ನೋಟ್‌ಬುಕ್ಕನ್ನು ನಗದೆ, ಪೂರ್ತಿಯಾಗಿ ಓದಿದರು. ನಡಿಗೆ, ಹೊತ್ತಿಗೆ ಸರಿಯಾದ ಊಟ, ಚಹಾ ಕಡಿಮೆ, ನಿಯಮಿತ ನಿದ್ರೆ, ಇವು ಆತಂಕವನ್ನು ತಗ್ಗಿಸತಕ್ಕವೇ. ಅವು ಫಲಿಸಿದ್ದು ಮೊಲದಿಂದಲೂ ಅಲ್ಲ, ಹಂದಿಯಿಂದಲೂ ಅಲ್ಲ ಎಂದು ತಿಳಿಹೇಳಿದರು. ಅಂಜಿಕೆಯ ಸ್ವಭಾವವನ್ನೂ ವಿವರಿಸಿದರು: ಅಂಜಿದ್ದನ್ನು ತಪ್ಪಿಸಿಕೊಂಡಾಗ ಒಂದು ಕ್ಷಣ ಸಮಾಧಾನವೆನಿಸುತ್ತದೆ, ಆ ಸಮಾಧಾನವೇ ಅಂಜಿಕೆಗೆ ಉಣಿಸುವ ಮೇವು. ಹೊರಗೆ ಹೋಗದವನಿಗೆ ಹೊರಗೆ ಕೇಡಿಲ್ಲವೆಂಬುದು ಎಂದಿಗೂ ತಿಳಿಯದು. ಕೆಲವು ತಿಂಗಳಿಗೆ ಔಷಧವನ್ನು ಬರೆದುಕೊಟ್ಟು, ಒಂದು ಲೆಕ್ಕವನ್ನೂ ಹಾಕಿಕೊಟ್ಟರು: "ಮಾಸ್ತರೇ, ರಾಹುಕಾಲದಲ್ಲಿಯೇ ಹೊರಡಿರಿ, ಏನಾಯಿತೆಂಬುದನ್ನು ಬರೆಯಿರಿ."

ಘಳಿಗೆ ಮುಹೂರ್ತಗಳ ಹಂಗನ್ನು ೧೨ನೆಯ ಶತಮಾನದ ಶರಣರು ನಿರಾಕರಿಸಿದರೆಂದು ಬಸವ ಜಯಂತಿಯ ವೇದಿಕೆಗಳಲ್ಲಿ ಮಾಸ್ತರರು ಎಷ್ಟೋ ಸಲ ಹೇಳಿದ್ದರು. ಹೇಳುವುದು ಸುಲಭವಾಗಿತ್ತು. ಸೋಮವಾರ ೭-೩೦ಕ್ಕೆ ಕಾಯಿಪಲ್ಯೆ ತರಲು ಹೊಸ್ತಿಲು ದಾಟುವಾಗ ಕಾಲು ನಡುಗಿದವು. 'ಬದನೆಕಾಯಿ ಒಂದು ಕಿಲೋ. ಏನೂ ಆಗಲಿಲ್ಲ' ಎಂದು ಬರೆದರು. ಮಂಗಳವಾರ ೩ಕ್ಕೆ ಚಿತ್ತಾಪುರದ ಬಸ್ಸು ಹತ್ತಿದರು. ಎದೆ ಹೊಡೆದುಕೊಂಡಿತು, ದಾರಿಯಲ್ಲಿಯೇ ಇಳಿಯಿತು. ಹಾಳೆಗಳು ತುಂಬುತ್ತ ಬಂದವು. ಕೇಡು ಒಮ್ಮೆ ಆಯಿತು: ಕೊಡೆಯನ್ನು ಬಸ್ಸಿನಲ್ಲಿ ಮರೆತರು. ಅದು ರಾಹುಕಾಲ ಮುಗಿದ ಮೇಲೆ.

ಮನಸ್ಸಿನ ಬೇನೆಯನ್ನು ಬಾಯಿಬಿಟ್ಟು ಹೇಳಲು ನಾಚುವವರು ನಮ್ಮ ಊರುಗಳಲ್ಲಿ ಇನ್ನೂ ಬಹಳ, ಅದರಲ್ಲಿಯೂ ಶಿಕ್ಷಕರು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಿಯೂ, ಕನ್ನಡದಲ್ಲಿಯೇ, ಖರ್ಚಿಲ್ಲದೆ ಮಾತನಾಡಬಹುದೆಂಬುದನ್ನು ಮಾಸ್ತರರು ಇಂದು ಕಂಡಕಂಡವರಿಗೆ ಹೇಳುತ್ತಾರೆ. ಚೀನಾದ ಕ್ಯಾಲೆಂಡರು ಮನೆಯಲ್ಲಿದೆ, ಚಿತ್ರಗಳು ಚೆಂದವೆಂದು. ಪಂಚಾಂಗವೂ ಇದೆ, ಹಬ್ಬ ಹುಣ್ಣಿಮೆ ನೋಡುವುದಕ್ಕೆ.

೨೦೧೮ರ ಜೂನ್ ೧, ಶುಕ್ರವಾರ. ಮೊಮ್ಮಗನನ್ನು ಶಾಲೆಗೆ ಸೇರಿಸುವ ದಿನ. ಮಾಸ್ತರರು ಹಿಂದಿನ ಸಂಜೆಯೇ ಶಹಾಬಾದಿಗೆ ಬಂದಿದ್ದರು. ಗಡಿಯಾರವು ೧೦-೩೦ ತೋರಿಸಿದಾಗ ಮಗಳು ಅಪ್ಪನ ಮುಖವನ್ನು ನೋಡಿದಳು. ಅವರು ಕೂಸಿನ ಕೈ ಹಿಡಿದು ಮೊದಲು ಹೊಸ್ತಿಲು ದಾಟಿದರು. ಶಾಲೆಯಲ್ಲಿ ಅರ್ಜಿಯ ಜನ್ಮದಿನಾಂಕದ ಜಾಗವನ್ನು ತಾವೇ ತುಂಬಿದರು: ೧೭ ಆಗಸ್ಟ್ ೨೦೧೨. ಹುಟ್ಟಿದ ದಿನವನ್ನೇ ಬರೆದರು.