ವ್ಯಾಟ್ ಒಂದೇ, ಡ್ರೈವರ್ ಬೇರೆ

ಹೆಬ್ಬಾಳ, ಫ್ಲೈಓವರ್ ಪಕ್ಕದ ಸರ್ವೀಸ್ ರಸ್ತೆ. ಒಂದು ಎಲ್‌ಇಡಿ ಬೀದಿದೀಪ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಪಕ್ಕದ ಕಂಬದ್ದಕ್ಕೆ ಈ ರೋಗವಿಲ್ಲ. ಡಯೋಡ್ ಸುಟ್ಟಿದ್ದರೆ ಹತ್ತಲೇಬಾರದು. ಸುಟ್ಟಿಲ್ಲವಾದರೆ ಆರುವುದೇಕೆ?

ಆರ್.ಟಿ. ನಗರ, ಸಂಜೆಯ ತಳ್ಳುಗಾಡಿಗಳು. ಒಂದರಲ್ಲಿ 12 ವೋಲ್ಟ್ ಬ್ಯಾಟರಿ, ಸಾಲಾಗಿ ಜೋಡಿಸಿದ ಮೂರು ಬಿಳಿ ಎಲ್‌ಇಡಿ, ನಡುವೆ ಒಂದು ರೆಸಿಸ್ಟರ್. ಕರೆಂಟನ್ನು ಹದದಲ್ಲಿಡುವ ಡ್ರೈವರ್ ಇಲ್ಲವೇ ಇಲ್ಲ. ಅಗ್ಗವೇನೋ ಹೌದು. ಸ್ಥೂಲ ಲೆಕ್ಕ: ಮೂರು ಎಲ್‌ಇಡಿಗೆ 9.6 ವೋಲ್ಟ್ ಹೋದರೆ ರೆಸಿಸ್ಟರ್ ಪಾಲಿಗೆ 2.4. ಅದು 7 ಓಮ್‌ನದಾದರೆ ಹರಿಯುವುದು ಸುಮಾರು 350 ಮಿಲಿಆಂಪ್. ಬ್ಯಾಟರಿ 11ಕ್ಕೆ ಇಳಿದರೆ 200. ಚಾರ್ಜರ್ ಸಿಕ್ಕಿಸಿಯೇ ದೀಪ ಉರಿಸಿದರೆ, ಅಂದರೆ 14.4 ವೋಲ್ಟ್‌ನಲ್ಲಿ, 700ರ ಹತ್ತಿರ! ವೋಲ್ಟೇಜ್ ಏರಿದ್ದು ಐದನೇ ಒಂದು ಪಾಲು, ಕರೆಂಟ್ ಆದದ್ದು ದುಪ್ಪಟ್ಟು. ಸಾಲದ್ದಕ್ಕೆ, ಡಯೋಡ್ ಬಿಸಿಯಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ಕರೆಂಟ್ ಇನ್ನಷ್ಟು ನುಗ್ಗುತ್ತದೆ.

ಇಲ್ಲಿ ಎಲ್‌ಎಂ317 ರೆಗ್ಯುಲೇಟರ್ ಹಾಕಿದರಾಯಿತು ಅನ್ನುವವರುಂಟು. ಅದು ಕೆಲಸ ಮಾಡಲು ತನಗೇ ಮೂರು ವೋಲ್ಟ್ ಕೇಳುತ್ತದೆ, ನಮ್ಮ ಬಳಿ ಮಿಗುವುದು ಎರಡೂವರೆಯೂ ಇಲ್ಲ. ಪಿಟಿ4115ರಂಥ, ವೋಲ್ಟೇಜ್ ಇಳಿಸಿ ಕೊಡುವ ಬಕ್ ಡ್ರೈವರ್ ವಾಸಿ: 6ರಿಂದ 30 ವೋಲ್ಟ್‌ವರೆಗೆ ತಾಳುತ್ತದೆ. 0.3 ಓಮ್‌ನ ಪುಟ್ಟ ರೆಸಿಸ್ಟರ್ ಹಾಕಿದರೆ ಬ್ಯಾಟರಿ ಏರಲಿ ಇಳಿಯಲಿ, ಕರೆಂಟ್ 330 ಮಿಲಿಆಂಪ್ ಆಸುಪಾಸಿನಲ್ಲೇ ನಿಲ್ಲುತ್ತದೆ.

ಯಶವಂತಪುರ, ಎಲೆಕ್ಟ್ರಿಕಲ್ ಅಂಗಡಿ. ಹುಡುಗನೊಬ್ಬ ಬಂದ. "ಅಣ್ಣ, ಐವತ್ತು ವ್ಯಾಟ್ ಡ್ರೈವರ್ ಕೊಡಿ."

"ವ್ಯಾಟ್ ಇರ್ಲಪ್ಪ, ಎಂಎ ಎಷ್ಟು ಹೇಳು."

ಹುಡುಗ ತಬ್ಬಿಬ್ಬು, ನಾನೂ. ಅಂಗಡಿಯವರು ಎರಡು ಡಬ್ಬಿ ಮುಂದಿಟ್ಟರು. ಎರಡರ ಮೇಲೂ 50 ವ್ಯಾಟ್. ಕೆಳಗೆ ಸಣ್ಣಕ್ಷರದಲ್ಲಿ, ಒಂದಕ್ಕೆ 30–36 ವೋಲ್ಟ್, 1500 ಎಂಎ, ಅಂದರೆ ಮಿಲಿಆಂಪ್. ಇನ್ನೊಂದಕ್ಕೆ 120–170 ವೋಲ್ಟ್, 300 ಎಂಎ. ಗುಣಿಸಿದರೆ ಹೆಚ್ಚುಕಡಿಮೆ ಒಂದೇ. ಆದರೆ ಮೊದಲನೆಯದನ್ನು 150 ವೋಲ್ಟ್‌ನ ಸಾಲಿಗೆ ಕೊಟ್ಟರೆ ದೀಪ ಹತ್ತುವುದೇ ಇಲ್ಲ. ಎರಡನೆಯದನ್ನು 33 ವೋಲ್ಟ್‌ನ ಚಿಪ್‌ಗೆ ಕೊಟ್ಟರೆ ಮಂಕಾಗಿ ಉರಿದೀತು, ಇಲ್ಲವೇ ಡ್ರೈವರ್ ತನ್ನನ್ನು ಕಾಪಾಡಿಕೊಳ್ಳಲು ಆರಿ, ಮತ್ತೆ ಹತ್ತಿ ನೋಡೀತು. ಹೆಬ್ಬಾಳದ ಕಂಬದ ಮೇಲೂ ಇಂಥದೇ ಏನೋ ನಡೆದಿರಬೇಕು. ಜೋಡಿ ಸರಿಯಿದ್ದೂ ಡ್ರೈವರ್ ಮುದಿಯಾದರೆ ಇದೇ ಆಟ.

ಯಲಹಂಕ, ಶೀಟಿನ ಛಾವಣಿಯ ವರ್ಕ್‌ಶಾಪ್. ಬಿಚ್ಚಿಟ್ಟ ಡ್ರೈವರ್‌ನಲ್ಲಿ ಕೆಪಾಸಿಟರ್‌ನ ತಲೆ ಉಬ್ಬಿದೆ. ಎಲ್‌ಇಡಿಗೆ ಏನೂ ಆಗಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಸ್ಸು ಶಾಖ 10 ಡಿಗ್ರಿ ಏರಿದಾಗಲೆಲ್ಲ ಸುಮಾರು ಅರ್ಧವಾಗುತ್ತದೆ. ವರ್ಕ್‌ಶಾಪಿನವರೋ ಡ್ರೈವರನ್ನು ಕಾದ ಶೀಟಿಗೇ ಅಂಟಿಸಿದ್ದರು.

ಡ್ರೈವರ್ ಕೊಳ್ಳಲು ಹೊರಟರೆ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಮೊದಲು ಎಂಎ ಹೊಂದಿಸಿ, ಆಮೇಲೆ ವೋಲ್ಟ್ ನೋಡಿ, ವ್ಯಾಟ್ ಕೊನೆಗೆ.