ಎರಡನೇ ದುರ್ಯೋಧನ

2019ರ ಬೇಸಿಗೆಯಲ್ಲಿ ತುಮಕೂರಿನಲ್ಲಿ ಎರಡು ಥರದ ಲೆಕ್ಕಾಚಾರ ನಡೆಯುತ್ತಿತ್ತು. ಲೋಕಸಭೆಗೆ ಮತದಾನ ಏಪ್ರಿಲ್ 18ಕ್ಕೇ ಮುಗಿದಿತ್ತು, ಎಣಿಕೆ ಮೇ 23ಕ್ಕೆ. ಮಾಜಿ ಪ್ರಧಾನಿಯೇ ಅಭ್ಯರ್ಥಿಯಾಗಿದ್ದ ಕ್ಷೇತ್ರ ಬೇರೆ. ಆ ಐದು ವಾರ ಟೀ ಅಂಗಡಿಯಲ್ಲಿ ನಿಂತವರೆಲ್ಲ ಯಾವ ತಾಲ್ಲೂಕು ಯಾರಿಗೆ ಎಷ್ಟು ಲೀಡ್ ಕೊಡುತ್ತದೆ ಎಂದು ಬೆರಳು ಮಡಿಸುತ್ತಿದ್ದರು. ನನ್ನ ವೋಟು ಕುಣಿಗಲ್ಲಿನದು, ಅಂದರೆ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ್ದು. ಹಾಗಾಗಿ ಆ ಲೆಕ್ಕದಲ್ಲಿ ನನಗೆ ಪಾಲಿರಲಿಲ್ಲ. ನಾನಿದ್ದದ್ದು ಇನ್ನೊಂದರಲ್ಲಿ. ಎಂ.ಎ. ಓದುತ್ತಿದ್ದ ನಾವು ಆರು ಜನ ಹುಡುಗಿಯರು ಹಾಸ್ಟೆಲ್ ರೂಮಿನಲ್ಲಿ ಒಬ್ಬಳ ಹಾಟ್‌ಸ್ಟಾರ್ ಅಕೌಂಟಿಗೆ ದುಡ್ಡು ಕೂಡಿಸಿ ‘ಗೇಮ್ ಆಫ್ ಥ್ರೋನ್ಸ್’ನ ಕೊನೆಯ ಸೀಸನ್ ನೋಡುತ್ತಿದ್ದೆವು. ನಮ್ಮ ಪ್ರಶ್ನೆ ಒಂದೇ: ನೈಟ್ ಕಿಂಗ್ ಹೇಗೆ ಸಾಯುತ್ತಾನೆ?

ನೋಡದವರಿಗೆ ಒಂದೆರಡು ಮಾತು. ನೈಟ್ ಕಿಂಗ್ ಎಂದರೆ ಉತ್ತರದ ಹಿಮದಿಂದ ಇಳಿದು ಬರುವ ನೀಲಿ ಕಣ್ಣಿನ ರಾಜ. ಸತ್ತವರನ್ನು ಎಬ್ಬಿಸಿ ತನ್ನ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಾನೆ. ಈ ಕಡೆ ಬಿದ್ದ ಪ್ರತಿಯೊಬ್ಬನೂ ಆ ಕಡೆಗೆ ಜಮಾ. ಇಂಥವನನ್ನು ಯುದ್ಧದಲ್ಲಿ ಗೆಲ್ಲಲಾಗುವುದಿಲ್ಲ, ಏನಾದರೂ ಕೀಲಿಕೈ ಇರಲೇಬೇಕು ಎಂದು ಜಗತ್ತಿನ ಅಭಿಮಾನಿಗಳೆಲ್ಲ ಹುಡುಕುತ್ತಿದ್ದರು. ಅಜೋರ್ ಅಹಾಯ್ ಎಂಬ ಪುರಾತನ ವೀರ ಹೆಂಡತಿಯ ಎದೆಗೆ ಕತ್ತಿ ಇಳಿಸಿ ಅದನ್ನು ಹದಗೊಳಿಸಿದನೆಂಬ ಐತಿಹ್ಯ ಕಥೆಯೊಳಗೇ ಇದೆ. ಹಾಗಾದರೆ ಜಾನ್ ಸ್ನೋ ತಾನು ಪ್ರೀತಿಸಿದವಳನ್ನು ಕೊಂದು ಆ ಕತ್ತಿ ಪಡೆಯುತ್ತಾನೆ ಎಂದು ಕೆಲವರು. ಅಲ್ಲ, ಕಾಲದಲ್ಲಿ ಹಿಂದಕ್ಕೆ ಹೋಗಬಲ್ಲ ಬ್ರಾನ್ ಎಂಬ ಹುಡುಗನೇ ನೈಟ್ ಕಿಂಗ್ ಎಂದು ಇನ್ನು ಕೆಲವರು. ಒಂದು ಸೂತ್ರ ಮಾತ್ರ ಏಳನೇ ಸೀಸನ್‌ನಲ್ಲೇ ಸಿಕ್ಕಿತ್ತು. ಎಬ್ಬಿಸಿದವನು ಸತ್ತರೆ ಅವನು ಎಬ್ಬಿಸಿದವರೆಲ್ಲ ಅಲ್ಲೇ ಕುಸಿಯುತ್ತಾರೆ. ಅಂದರೆ ಲಕ್ಷ ಜನರನ್ನು ಕೊಲ್ಲಬೇಕಾಗಿಲ್ಲ, ಒಬ್ಬ ಸಾಕು.

ವೋಟು ಹಾಕಲು ಊರಿಗೆ ಹೋಗಿದ್ದಾಗ ಇದನ್ನೆಲ್ಲ ಅಜ್ಜಿಗೆ ಹೇಳಿದೆ. ಕುಣಿಗಲ್ ಕಡೆಯ ಹಳ್ಳಿಯಲ್ಲಿ, ಅವರೆಕಾಳು ಆರಿಸುತ್ತ, ಅಜ್ಜಿ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿತು. ಆಮೇಲೆ ಕೇಳಿದ್ದು ಒಂದೇ: “ಅವುನ್ ಜೀವ ಎಲ್ಲಿ ಮಡಗವ್ನೆ?”

ಏಳು ಸಮುದ್ರದಾಚೆ, ಮರದ ಪೊಟರೆಯಲ್ಲಿ, ಗಿಳಿಯೊಳಗೆ ಜೀವ ಇಟ್ಟ ರಾಕ್ಷಸನ ಕಥೆ ಕೇಳಿ ಬೆಳೆದವರಿಗೆ ಇದು ಮೊದಲನೇ ಪ್ರಶ್ನೆ. ನಮಗಿಂತ ಹತ್ತು ವರ್ಷ ದೊಡ್ಡವರು ‘ಹ್ಯಾರಿ ಪಾಟರ್’ ಓದುತ್ತ ಎರಡು ವರ್ಷ ಇದೇ ಪ್ರಶ್ನೆಯಲ್ಲಿ ಕಳೆದಿದ್ದರು. ವೋಲ್ಡೆಮಾರ್ಟ್ ತನ್ನ ಆತ್ಮವನ್ನು ತುಂಡು ಮಾಡಿ ಹಾರ್‌ಕ್ರಕ್ಸ್‌ಗಳಲ್ಲಿ ಬಚ್ಚಿಟ್ಟಿದ್ದಾನೆ ಎಂದು ಹೇಳಿ 2005ರ ಜುಲೈನ ಆರನೇ ಪುಸ್ತಕ ನಿಂತಿತು. ಹ್ಯಾರಿಯೊಳಗೇ ಒಂದು ತುಂಡಿದೆ ಎಂದವರ ಮಾತು ನಿಜವಾದದ್ದು 2007ರ ಜುಲೈನಲ್ಲಿ, ಏಳನೆಯದು ಬಂದಾಗ. ಗಿಳಿ ಹುಡುಕಲು ಹೊರಟವನ ಹೊಟ್ಟೆಯಲ್ಲೇ ಗಿಳಿ! ಅಜ್ಜಿಗೆ ಹೇಳಿದರೆ ಖಂಡಿತ ಇಷ್ಟಪಡುತ್ತಿತ್ತು.

ನೈಟ್ ಕಿಂಗ್‌ಗೆ ಗಿಳಿ ಇಲ್ಲ ಎಂದೆ. ಅವನೂ ಒಂದು ಕಾಲಕ್ಕೆ ಮನುಷ್ಯನೇ, ಕಾಡಿನ ಜನ ತಮ್ಮ ಮೇಲೆ ಯುದ್ಧಕ್ಕೆ ಬಂದ ಮನುಷ್ಯರನ್ನು ಎದುರಿಸಲು ಅವನನ್ನು ಮರಕ್ಕೆ ಕಟ್ಟಿ ಎದೆಗೆ ಕಪ್ಪು ಕಲ್ಲು ಚುಚ್ಚಿ ಹೀಗೆ ಮಾಡಿದರು ಎಂದೆ. ಅಜ್ಜಿಯ ಕೈ ಕಾಳಿನ ಮೇಲೆ ನಿಂತಿತು.

“ಅಂಗಾರೆ ಮಾಡ್ದೋರೇ ಕೀಳ್ಬೇಕು ಕಣವ್ವ. ಬ್ಯಾರೆಯೋರು ಯಾಕ್ ಸಾಯ್ಬೇಕು?”

ಆ ಸೀಸನ್ ಮುಗಿಯುವವರೆಗೆ ನಾನು ಕೇಳಿದ ಥಿಯರಿಗಳಲ್ಲಿ ಇಷ್ಟು ತೂಕದ್ದು ಇನ್ನೊಂದಿಲ್ಲ. ಬೇರೆಯವರೆಲ್ಲ ಆ ಏಟು ಯಾವ ಆಯುಧದಿಂದ ಎಂದು ಕೇಳುತ್ತಿದ್ದರು. ಅಜ್ಜಿ ಕೇಳಿದ್ದು ಆ ಏಟು ಯಾರ ಹೊಣೆ ಎಂದು.

ಏಪ್ರಿಲ್ 29, ಸೋಮವಾರ. ಬೆಳಿಗ್ಗೆ ಆರೂವರೆಗೆ ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಕೂತೆವು. ಎಪಿಸೋಡು ಅಷ್ಟು ಕತ್ತಲೆ, ಪಾತ್ರಗಳಿಗಿಂತ ನಮ್ಮ ಮುಖಗಳೇ ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣುತ್ತಿದ್ದವು. 82 ನಿಮಿಷದ ಕೊನೆಗೆ ಆರ್ಯಾ ಎಂಬ ಹುಡುಗಿ ಹಿಂದಿನಿಂದ ಹಾರಿ ಬರುತ್ತಾಳೆ. ಅವನು ತಿರುಗಿ ಕುತ್ತಿಗೆ ಹಿಡಿಯುತ್ತಾನೆ, ಅವಳು ಎಡಗೈಯ ಚೂರಿಯನ್ನು ಕೈಬಿಟ್ಟು ಬಲಗೈಯಲ್ಲಿ ಹಿಡಿದು ಚುಚ್ಚುತ್ತಾಳೆ. ಅಷ್ಟೇ, ಐಸು ಒಡೆದ ಹಾಗೆ ಒಡೆದುಹೋದ. 2011ರ ಮೊದಲ ಎಪಿಸೋಡಿನ ಮೊದಲ ದೃಶ್ಯದಿಂದ ಹಿಮದ ಭಯ ಹುಟ್ಟಿಸಿಕೊಂಡು ಬಂದದ್ದು ಎರಡು ಕ್ಷಣದಲ್ಲಿ ಮುಗಿಯಿತು. ರೂಮಿನಲ್ಲಿ ಅರ್ಧ ಜನ ಕಿರುಚಿದರು, ಅರ್ಧ ಜನ “ಅಷ್ಟೇನಾ?” ಅಂದರು.

ಒಗಟಿನ ಲೆಕ್ಕದಲ್ಲಿ ಅದು ಮೋಸವಲ್ಲ ಎಂದು ನಾನು ಈಗಲೂ ವಾದಿಸುತ್ತೇನೆ. ಆ ಚೂರಿ ಮೊದಲ ಸೀಸನ್‌ನಿಂದ ಕಥೆಯಲ್ಲಿದೆ. ನೀಲಿ ಕಣ್ಣುಗಳನ್ನೂ ಮುಚ್ಚುತ್ತೀಯೆ ಎಂದು ಆರ್ಯಾಳಿಗೆ ಮೂರನೇ ಸೀಸನ್‌ನಲ್ಲೇ ಒಬ್ಬಳು ಹೇಳಿದ್ದಳು. ಹಿರಣ್ಯಕಶಿಪುವಿನ ವರದಂತೆಯೇ ಇದು. ಒಳಗೂ ಅಲ್ಲ ಹೊರಗೂ ಅಲ್ಲ ಎಂದರೆ ಹೊಸ್ತಿಲು, ಹಗಲೂ ಅಲ್ಲ ಇರುಳೂ ಅಲ್ಲ ಎಂದರೆ ಮುಸ್ಸಂಜೆ. ಸುಳಿವುಗಳೆಲ್ಲ ಮೊದಲೇ ಕೈಯಲ್ಲಿದ್ದವು. ಆದರೂ ಆ ಸಾವು ಸಪ್ಪೆಯಾಯಿತಲ್ಲ, ಯಾಕೆ? ಉತ್ತರ ನನಗೆ ಸಿಕ್ಕಿದ್ದು ಗುಬ್ಬಿ ಸೀಮೆಯ ನಾಟಕಗಳಲ್ಲಿ.

ಈಗ ನನ್ನ ಪಿಎಚ್.ಡಿ. ವಿಷಯ ಈ ಭಾಗದ ಪೌರಾಣಿಕ ನಾಟಕದ ಪ್ರೇಕ್ಷಕರು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ನೆಲ ಇದು. ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದಿದ್ದವು. ಆ ಕಂಪನಿಯ ಕಾಲ ಮುಗಿಯಿತು, ‘ಕುರುಕ್ಷೇತ್ರ’ ಮುಗಿದಿಲ್ಲ. ಸುಗ್ಗಿ ಕಳೆದ ಮೇಲೆ ಹಳ್ಳಿ ಹಳ್ಳಿಯಲ್ಲಿ ರಾತ್ರಿಯಿಡೀ ನಡೆಯುತ್ತದೆ. ಇಲ್ಲಿ ಪಾರ್ಟು ಮಾಡುವವನೇ ದುಡ್ಡು ಕಟ್ಟಬೇಕು. ಡ್ರಾಮಾ ಮೇಷ್ಟ್ರು, ಸೀನ್ಸು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಬರುವ ಕಲಾವಿದೆಯರು, ಎಲ್ಲಕ್ಕೂ ಅದೇ ದುಡ್ಡು. ಕೃಷ್ಣನಿಗೆ, ದುರ್ಯೋಧನನಿಗೆ ರೇಟು ಜಾಸ್ತಿ. ಬೇಡಿಕೆ ಹೆಚ್ಚಾದರೆ ಪಾತ್ರವನ್ನು ಇಬ್ಬರಿಗೆ ಹಂಚಿ ಫ್ಲೆಕ್ಸಿನಲ್ಲಿ ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಎಂದು ಹಾಕಿಸುತ್ತಾರೆ.

ಖಳನ ಪಾರ್ಟಿಗೆ ಯಾಕಿಷ್ಟು ಬೆಲೆ? ಅವನಿಗೆ ಬಾಯಿದೆ. ಸಭೆಯಲ್ಲಿ ಕೃಷ್ಣನಿಗೆ ಎದುರು ಮಾತಾಡುತ್ತಾನೆ, ಕಂದಪದ್ಯ ಹಾಡುತ್ತಾನೆ, ಒನ್ಸ್ ಮೋರ್ ಹೊಡೆಸಿಕೊಳ್ಳುತ್ತಾನೆ. ಅವನು ಹೇಗೆ ಸಾಯುತ್ತಾನೆಂದು ಎದುರಿಗೆ ಕೂತ ಮಗುವಿಗೂ ಗೊತ್ತು: ತೊಡೆ. ಆದರೂ ವಾದ ನಿಲ್ಲುವುದಿಲ್ಲ. ಸೊಂಟದ ಕೆಳಗೆ ಹೊಡೆದದ್ದು ಗದೆಯ ಧರ್ಮವೇ, ಬಲರಾಮ ಸಿಟ್ಟಾದದ್ದು ಸರಿಯಲ್ಲವೇ, ದ್ರೌಪದಿಗೆ ತೊಡೆ ತೋರಿಸಿದವನಿಗೆ ಎಂಥ ಧರ್ಮ ಎಂದು ಟೀ ಕುಡಿಯುತ್ತ ಜಗಳವಾಡುತ್ತಾರೆ. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ಗದಾಯುದ್ಧ ಬರೆದ. ಬರೆಯುತ್ತ ಬರೆಯುತ್ತ ದುರ್ಯೋಧನನಿಗೆ ಎಷ್ಟು ಕೊಟ್ಟ! ನೈಟ್ ಕಿಂಗ್ ಅಷ್ಟೂ ಸೀಸನ್‌ಗಳಲ್ಲಿ ಒಂದು ಮಾತೂ ಆಡಲಿಲ್ಲ. ಮಾತಿಲ್ಲದವನ ಬಗ್ಗೆ ಊಹಿಸಲು ಉಳಿಯುವುದು ಕೀಲಿಕೈ ಎಲ್ಲಿದೆ ಎಂಬುದಷ್ಟೇ. ಸ್ವಿಚ್ ಸಿಕ್ಕಿತು, ಆರಿಸಿದರು.

ನನ್ನ ಸೋದರಮಾವನ ಊರು ಗುಬ್ಬಿ ತಾಲ್ಲೂಕು. ಎರಡು ವರ್ಷದ ಹಿಂದೆ ಅಲ್ಲಿ ನಾಟಕವಾದಾಗ ಮಾವ ಎರಡನೇ ದುರ್ಯೋಧನನ ಪಾರ್ಟು ಹಿಡಿದ. ಎಲ್ಲರೂ ಒಂದನೆಯದಕ್ಕೆ ಮುಗಿಬೀಳುತ್ತಾರೆ. ಜನ ಎಚ್ಚರವಾಗಿರುವ ಹೊತ್ತು, ಸಭೆಯ ಸೀನು, ನೆಂಟರು ಸ್ಟೇಜಿಗೆ ಹತ್ತಿ ಹಾರ ಹಾಕುವ ಸಮಯ. ಮಾವನಿಗೆ ಬೇಕಾದದ್ದು ಕೊಳ. ಎಲ್ಲರನ್ನೂ ಕಳೆದುಕೊಂಡವನು ನೀರಿನಲ್ಲಿ ಅಡಗಿ, ಭೀಮನ ಹೀಯಾಳಿಕೆ ತಡೆಯಲಾರದೆ ಎದ್ದು ಬರುವ ಜಾಗ. ಆ ವರ್ಷದ ಕೊಬ್ಬರಿ ದುಡ್ಡಿನಲ್ಲಿ ಅರ್ಧ ಕಟ್ಟಿದ. ಮೂರು ತಿಂಗಳು ಪ್ರಾಕ್ಟೀಸ್ ಮಾಡಿದ. ತೋಟದಲ್ಲಿ ಬಿದ್ದು ಬಿದ್ದು ಕಲಿತ, ಬರೀ ಬೀಳುವುದನ್ನೇ.

ಆ ರಾತ್ರಿ ಹಾರಗಳು ಮುಗಿಯಲಿಲ್ಲ. ಮೈಕಿನಲ್ಲಿ ಕಾಣಿಕೆ ಕೊಟ್ಟವರ ಹೆಸರು ಓದಿದ್ದೇ ಓದಿದ್ದು. ಕೊಳದ ಸೀನು ಬರುವಾಗ ಬೆಳಕು ಹರಿದಿತ್ತು, ಎದುರಿಗೆ ಚಾಪೆ ಸುತ್ತುತ್ತಿದ್ದರು, ಸೀನ್ಸಿನವರು ಪಕ್ಕದ ಪರದೆ ಬಿಚ್ಚತೊಡಗಿದ್ದರು. ಮೇಷ್ಟ್ರು ಹಾರ್ಮೋನಿಯಂ ಹಿಂದಿನಿಂದ “ಬೇಗ, ಬೇಗ” ಎಂದರು. ನಾಲ್ಕು ಪದ್ಯ ಬಿಟ್ಟುಹೋದವು. ಭೀಮ ಬಂದ, ಹೊಡೆದ, ಮಂಗಳಾರತಿ ಆಯಿತು. ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಗದಾಯುದ್ಧ ಎರಡು ನಿಮಿಷವೂ ಇಲ್ಲ.

ಮುಖದ ಬಣ್ಣ ತೆಗೆಯದೆ ಮಾವ ಮೇಷ್ಟ್ರ ಮುಂದೆ ಹೋಗಿ ನಿಂತ. “ಸಾಯಕ್ಕೇ ಅಂತ ದುಡ್ಡು ಕಟ್ಟಿದ್ದೆ ಮೇಷ್ಟ್ರೆ. ನೆಟ್ಟಗೆ ಸಾಯಕ್ಕೂ ಬಿಡ್ಲಿಲ್ವಲ್ಲಾ.”

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಮೇಷ್ಟ್ರು ನಗಲಿಲ್ಲ.

ಜಾರ್ಜ್ ಮಾರ್ಟಿನ್ ಬರೆಯುತ್ತಿರುವ ಮೂಲ ಕಾದಂಬರಿಗಳ ಐದನೇ ಸಂಪುಟ ಬಂದದ್ದು 2011ರಲ್ಲಿ. ಸೀರಿಯಲ್ಲಿನ ಈ ನೈಟ್ ಕಿಂಗ್ ಅವುಗಳಲ್ಲಿ ಇಲ್ಲವೇ ಇಲ್ಲ. ಹಿಮದಿಂದ ಬರುವವರು ಮಾತ್ರ ಇದ್ದಾರೆ. ಹಾಸ್ಟೆಲಿನ ಗೆಳತಿಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರ ಬಗ್ಗೆ ಈಗಲೂ ಥಿಯರಿ ಬರುತ್ತಿರುತ್ತವೆ. ನಾನು ಪ್ರತಿ ಸಲ ಅಜ್ಜಿಯದನ್ನೇ ಹಾಕುತ್ತೇನೆ. ಈ ಸಲದ ನಾಟಕಕ್ಕೆ ಮಾವ ಮತ್ತೆ ಎರಡನೇ ದುರ್ಯೋಧನನಿಗೇ ಮುಂಗಡ ಕೊಟ್ಟಿದ್ದಾನೆ. ಕೊಡುವಾಗಲೇ ಮೇಷ್ಟ್ರಿಂದ ಮಾತು ತೆಗೆದುಕೊಂಡ: ಏನೇ ಆಗಲಿ, ಬೆಳಗಿನ ಜಾವ ನಾಲ್ಕಕ್ಕೆ ಕೊಳದ ಪರದೆ ಇಳಿಯಬೇಕು.